ಲಾಯದ ಗೋಡೆ ಒಡೆದ ಮೇಸ್ತ್ರಿ

ಆ ಹೈಸ್ಕೂಲಿನ ಯಾವ ಗೋಡೆ ಯಾರ ಕಾಲದ್ದು ಎಂದು ಕೇಳಿದರೆ ಗಾರೆ ಮೇಸ್ತ್ರಿ ಅಂಗೈಯಿಂದ ತಟ್ಟಿ ನೋಡಿಯೇ ಹೇಳುತ್ತಿದ್ದ. ರಸ್ತೆ ಕಡೆಯ ಉದ್ದನೆಯ ಕಲ್ಲುಕಟ್ಟಡ ಎಲ್ಲಕ್ಕಿಂತ ಹಳೆಯದು. ಒಂದು ಕಾಲಕ್ಕೆ ಅದು ಸೈನ್ಯದ ಕುದುರೆ ಲಾಯ. ಶಾಲೆಯಾಗಿ ಎಪ್ಪತ್ತು ವರ್ಷ ಕಳೆದರೂ ಎಲ್ಲರ ಬಾಯಲ್ಲೂ ಲಾಯವೇ. ಮೊಳಕ್ಕೂ ಮೀರಿದ ದಪ್ಪದ ಗೋಡೆ, ಸುಣ್ಣದ ಗಾರೆ, ಕೈಗೆಟುಕದ ಎತ್ತರದಲ್ಲಿ ಸರಳು ಹಾಕಿದ ಸಣ್ಣ ಕಿಟಕಿಗಳು, ಮೇಲೆ ಒಣಗಿ ಕಬ್ಬಿಣದಂತಾದ ಮರದ ತೊಲೆಗಳು. "ಕುದುರೆಗಳು ಹೋದ್ವು, ಕತ್ತೆಗಳು ಬಂದ್ವು" ಎಂದು ಗಣಿತದ ಮೇಷ್ಟ್ರು ಪ್ರತಿ ವರ್ಷ ಹೊಸ ತರಗತಿಗೆ ಹೇಳಿ, ತಾವೊಬ್ಬರೇ ನಗುತ್ತಿದ್ದರು.

ಲಾಯದ ಬೆನ್ನಿಗೆ ಇಟ್ಟಿಗೆಯ ಆರು ಕೋಣೆ ಸೇರಿಸಿದ್ದು ಮೇಸ್ತ್ರಿಯ ಅಪ್ಪ. ನಡುವೆ, ಸವಾರ ಇಳಿಯದೆಯೇ ದಾಟುವಷ್ಟು ಎತ್ತರದ ಒಂದು ಕಮಾನು. ಪಾಠದ ಗದ್ದಲ ಆ ಕಡೆಯಿಂದ ಈ ಕಡೆಗೆ ಬರುತ್ತದೆಂದು ಹೆಡ್‌ಮೇಷ್ಟ್ರು ತಲೆ ತಿಂದಾಗ, ಮೇಸ್ತ್ರಿ ಅದನ್ನು ಒಂಟಿ ಇಟ್ಟಿಗೆಯ ಗೋಡೆಯಿಂದ ಮುಚ್ಚಿ ಸುಣ್ಣ ಬಳಿದ. ಇಟ್ಟಿಗೆ ಎತ್ತಿಕೊಟ್ಟವನು ಅವನ ತಮ್ಮ. ಇಪ್ಪತ್ತು ವರ್ಷದಲ್ಲಿ ಅಲ್ಲೊಂದು ಕಮಾನಿತ್ತೆಂಬುದನ್ನೇ ಎಲ್ಲರೂ ಮರೆತರು.

ಆ ವರ್ಷ ನೂಲಿನ ಗಿರಣಿಯ ಮುಷ್ಕರ ಮೂರನೆಯ ತಿಂಗಳಿಗೆ ಕಾಲಿಟ್ಟಿತ್ತು. ಗಿರಣಿಯ ಕಡೆಯವರು ಕೆಲಸಗಾರರ ಮನೆಗಳನ್ನು ಕೆಡವಿದರು. ಶಾಲೆಗೆ ಬೇಸಿಗೆ ರಜೆ; ಬೀದಿಗೆ ಬಿದ್ದ ಸಂಸಾರಗಳಿಗೆ ಹೆಡ್‌ಮೇಷ್ಟ್ರು ಲಾಯದ ಬಾಗಿಲು ತೆರೆಸಿಕೊಟ್ಟರು. ಅರವತ್ತು ಜನ, ಅದರಲ್ಲಿ ಅರ್ಧ ಮಕ್ಕಳು.

ಎರಡನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗಿರಣಿಯ ಎರಡು ಲಾರಿ ಬಂದು ನಿಂತವು. ಮೇಸ್ತ್ರಿ ಹಿಂದಿನ ಕೋಣೆಯಲ್ಲಿ ಬೊಂಬಿನ ಸಾರುವೆ ಹತ್ತಿ ಸೂರಿಗೆ ಗಾರೆ ಮೆತ್ತುತ್ತಿದ್ದ. ಲಾಯದ ಮುಂಬಾಗಿಲಲ್ಲಿ ಶಾಲೆಯ ಆಯಮ್ಮ ಬೀಗದಕೈ ಗೊಂಚಲು ಹಿಡಿದು ಅಡ್ಡ ನಿಂತಿದ್ದಳು. "ಒಳಗೆ ಮಕ್ಕಳಿವೆ ಕಣ್ರಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ" ಅನ್ನುವಷ್ಟರಲ್ಲಿ ಸಲಾಕೆಯೊಂದು ಅವಳ ನೆತ್ತಿ ಸೀಳಿತು. ಮೆಟ್ಟಿಲ ಮೇಲೆ ಬಿದ್ದವಳನ್ನು ದಾಟಿಕೊಂಡೇ ಹೋಗಿ ಬಾಗಿಲೆಳೆದು ಸರಪಳಿ ಬಿಗಿದರು. ಕಿಟಕಿಗಳಿಂದ ಒಳಕ್ಕೆ ಪೆಟ್ರೋಲ್ ಎರಚಿ ಪಂಜು ಎಸೆದರು.

ಕಿರುಚಾಟ ಕೇಳಿ ಮೇಸ್ತ್ರಿ ಕಿಟಕಿಯಿಂದ ಇಣುಕಿದ. ಅಂಗಳದ ತುಂಬ ದೊಣ್ಣೆ ಹಿಡಿದವರು. ಅತ್ತ ಹೋದರೆ ಹೆಣವಾಗುವುದೇ ಸರಿ. ಅವನು ದೊಡ್ಡ ಸುತ್ತಿಗೆ ಎತ್ತಿಕೊಂಡು ಮುಚ್ಚಿದ ಕಮಾನಿನ ಕೋಣೆಗೆ ಓಡಿ, ಗೋಡೆಗೆ ನಾಲ್ಕೇಟು ಹಾಕಿದ್ದನಷ್ಟೇ.

"ಅಣ್ಣಾ, ಸುತ್ತಿಗೆ ಕೆಳಗಿಡು."

ಬಾಗಿಲಲ್ಲಿ ತಮ್ಮ. ಅವನು ಗಿರಣಿಯ ಕಾವಲು ಪಡೆ ಸೇರಿ ಎಂಟು ವರ್ಷವಾಗಿತ್ತು. ಈ ಗೋಡೆ ತೆಳುವೆಂದು ಬಲ್ಲ ಇನ್ನೊಬ್ಬ ಮನುಷ್ಯ ಅವನೇ.

"ಒಳಗೆ ಮಕ್ಕಳು ಬೇಯ್ತಿದಾವೆ ಕಣೋ!"

"ಯಾರೂ ಆಚೆ ಬರಬಾರದು ಅಂತ ಹೇಳಿದಾರೆ. ನಂಗೊತ್ತಿರೋದು ಅಷ್ಟೇ. ನೀನು ಮನೆಗೆ ಹೋಗು."

ಮೇಸ್ತ್ರಿ ಬೆನ್ನು ತಿರುಗಿಸಿ ಐದನೆಯ ಏಟು ಹಾಕಿದ. ತಮ್ಮನ ಕೈಯ ಸಲಾಕೆ ಅವನ ಎಡ ಹೆಗಲಿಗೆ ಬಿತ್ತು. ಒಳಗೆಲ್ಲೋ ಮೂಳೆ ಲಟಕ್ಕೆಂದಿತು. ಎರಡನೆಯ ಪೆಟ್ಟು ಕಿವಿಯ ಮೇಲೆ. ಒಮ್ಮೆಗೇ ಕಿರುಚಾಟವೆಲ್ಲ ನಿಂತು ಬರೀ ಗುಂಯ್‌ಗುಡುವ ಸದ್ದು ಉಳಿಯಿತು. ಮೂರನೆಯದಕ್ಕೆ ತಮ್ಮ ಕೈ ಎತ್ತುವಾಗ ಮೇಸ್ತ್ರಿ ಬಲಗೈ ಒಂದರಲ್ಲೇ ಸುತ್ತಿಗೆ ಬೀಸಿದ. ತಮ್ಮ ಪಕ್ಕಕ್ಕೆ ಸರಿದ. ಏಟು ಮೊಣಕೈಗೆ ಬಿದ್ದು, ತೋಳು ಮಡಚಬಾರದ ಕಡೆಗೆ ಮಡಚಿಕೊಂಡಿತು. ಅವನು ಗೋಡೆಗೊರಗಿ ಕುಸಿದು ಪ್ರಾಣಿಯಂತೆ ಕೂಗತೊಡಗಿದ.

ಮೇಸ್ತ್ರಿ ಅವನತ್ತ ನೋಡಲಿಲ್ಲ. ಸುತ್ತಿಗೆಯ ಹಿಡಿಯನ್ನು ಗಿಡ್ಡವಾಗಿ ಹಿಡಿದು, ಒಂದೇ ಕೈಯಲ್ಲಿ, ಒಂದೇ ಜಾಗಕ್ಕೆ ಜಜ್ಜಿದ. ಒಳಗಿನವರಿಗೆ ಹೊಳೆಯಿತೇನೋ, ಅತ್ತಲಿಂದ ಬೆಂಚು ಹಿಡಿದು ಗುದ್ದಿದರು. ಗೋಡೆ ಹೊಟ್ಟೆ ಉಬ್ಬಿಸಿ ಉರುಳಿತು. ಹೊಗೆಯ ಜೊತೆ ಜನ ಒಬ್ಬರ ಮೇಲೊಬ್ಬರು ಬಂದು ಬಿದ್ದರು. ಉರಿಯುವ ಸೆರಗು, ಸುಟ್ಟ ಕೂದಲು, ಉಸಿರಿಲ್ಲದೆ ಬಾಯಿ ತೆರೆದ ಮಕ್ಕಳು. ಬಿದ್ದಿದ್ದ ತಮ್ಮನನ್ನು ತುಳಿದುಕೊಂಡೇ ಓಡಿದರು. ಒಬ್ಬ ಹೆಂಗಸು ಅವನ ಗುರುತು ಹಿಡಿದು, ಇಟ್ಟಿಗೆ ಎತ್ತಿ ಅವನ ಮುಖದ ಮೇಲೆ ಹಿಡಿದು, ಮೇಸ್ತ್ರಿಯ ಕಡೆ ನೋಡಿದಳು. ಮೇಸ್ತ್ರಿ ಬೇಡ ಅನ್ನಲಿಲ್ಲ. ಅಷ್ಟರಲ್ಲಿ ತೊಲೆ ಮುರಿದು ಕೆಂಡ ಸಿಡಿಯಿತು; ಅವಳ ಗಂಡ ಅವಳನ್ನು ಎಳೆದುಕೊಂಡು ಹೋದ.

ಐವತ್ತೇಳು ಜನ ಹಿಂದಿನ ಕಾಂಪೌಂಡು ಹಾರಿ ಬದುಕಿದರು. ಮೂವರು ಸೂರಿನಡಿ ಸತ್ತರು. ಆಯಮ್ಮ ಮೆಟ್ಟಿಲ ಮೇಲೇ ಪ್ರಾಣ ಬಿಟ್ಟಿದ್ದಳು.

ಮೇಸ್ತ್ರಿ ಕೋರ್ಟಿನಲ್ಲಿ ತಮ್ಮನನ್ನು ಬೆರಳು ಮಾಡಿ ತೋರಿಸಿದ. ಒಂಬತ್ತು ವರ್ಷ ಜೈಲಾಯಿತು. "ಇಬ್ಬರೂ ನನ್ನ ಹೊಟ್ಟೇಲೇ ಹುಟ್ಟಿದ್ದಲ್ವೇನೋ?" ಎಂದ ತಾಯಿ ಅಂದಿನಿಂದ ಅವನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಕಟ್ಟಡವನ್ನೇ ನೆಲಸಮ ಮಾಡಬೇಕೆಂದು ಎಂಜಿನಿಯರ್ ಬರೆದುಕೊಂಡಾಗ ಮೇಸ್ತ್ರಿ ಕಲ್ಲುಗೋಡೆಗೆ ಹಾರೆ ಕುಟ್ಟಿ ತೋರಿಸಿದ. "ಸ್ವಾಮೀ, ಸೂರು ಹೋಗಿದೆ, ಮೈ ಗಟ್ಟಿಯಾಗಿದೆ." ಎಂಜಿನಿಯರ್ ತಾನೇ ಹಾರೆ ಇಸಿದುಕೊಂಡು ಎರಡು ಕಡೆ ಕುಟ್ಟಿ ನೋಡಿ, ಬರೆದದ್ದನ್ನು ಹೊಡೆದುಹಾಕಿದ. ಕಬ್ಬಿಣದ ತೊಲೆ, ಹೊಸ ಹೆಂಚು ಬಂದವು. ಕಮಾನನ್ನು ಮತ್ತೆ ಮುಚ್ಚಲು ಮೇಸ್ತ್ರಿ ಒಪ್ಪಲಿಲ್ಲ. ಗದ್ದಲವಾದರೆ ಆಗಲಿ ಅಂದ.

ಜೈಲಿಂದ ಬಿಟ್ಟ ವಾರವೇ ತಮ್ಮ ಶಾಲೆಗೆ ಬಂದ. ಒಣಗಿದ ತೋಳು ಜೋತಾಡುತ್ತಿತ್ತು. ಮೇಸ್ತ್ರಿಯ ಕೇಳದ ಕಿವಿಯ ಕಡೆ ನಿಂತು ಏನೋ ಅಂದ. ಮೇಸ್ತ್ರಿ ತಿರುಗಿ ನಿಂತ ಮೇಲೆ ಮತ್ತೆ ಕೇಳಿದ.

"ಅವತ್ತು ಕೈಗೇ ಹೊಡೆದೆಯಾ ಅಣ್ಣಾ, ಬೇಕಂತ?"

ಮೇಸ್ತ್ರಿ ತುಸು ಹೊತ್ತು ಕರಣೆಯ ಗಾರೆ ಒರೆಸಿದ.

"ಇಲ್ಲ. ತಲೆಗೆ. ನೀನು ಸರಿದೆ."

"ನಾನೂ ತಲೆಗೇ ಹೊಡೆದಿದ್ದು" ಅಂದ ತಮ್ಮ.

ಇಬ್ಬರೂ ಮರಳಿನ ಗುಡ್ಡೆಯ ಮೇಲೆ ಕೂತು ಟೀ ಕುಡಿದರು. ತಮ್ಮನಿಗೆ ಲೋಟ ಹಿಡಿದು ಬೀಡಿ ಹಚ್ಚಲು ಆಗಲಿಲ್ಲ. ಮೇಸ್ತ್ರಿ ಕಡ್ಡಿ ಗೀರಿ ಕೊಟ್ಟ. ಆಮೇಲೆ ತಮ್ಮ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ. ಆ ಊರಿಗೆ ಅವನು ಮತ್ತೆ ಬರಲಿಲ್ಲ.