ಬರೀ ನೀರಿಗೆ ಮೂರು ವಿಷಲ್

ಸೂಪರ್ ಮಾರ್ಕೆಟ್ಟಿನಲ್ಲಿ ರೆಡಿ ಊಟದ ಕಪಾಟಿನ ಮುಂದೆ ನಿಂತವರನ್ನು ಒಮ್ಮೆ ಗಮನಿಸಿ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ತರಕಾರಿಯ ಕಡೆ ಜನ ಬೆಂಡೆಕಾಯಿ ತುದಿ ಮುರಿಯುತ್ತಾ ಪಕ್ಕದವರ ಜೊತೆ ರೇಟಿನ ಬಗ್ಗೆ ಗೊಣಗುತ್ತಾರೆ. ಇಲ್ಲಿ ಮಾತ್ರ ಬಾರಿನ ಬಾಗಿಲಲ್ಲಿ ಸೋದರಮಾವನನ್ನು ಕಂಡವರ ಹಾಗೆ ಎಲ್ಲರೂ ಫೋನಿನೊಳಗೆ ತಲೆ ಹುದುಗಿಸುತ್ತಾರೆ. ಸಂಜೆ ಏಳೂವರೆಗೆ, ವಾರಕ್ಕೆ ಐದು ದಿನ, ಜಯನಗರದ ಒಂದು ಅಂಗಡಿಯಲ್ಲಿ ನಾನೂ ಹಾಗೆ ನಿಲ್ಲುತ್ತಿದ್ದೆ. ಆ ಕಪಾಟಿನ ಬಗ್ಗೆ ನನಗಿರುವ ತಿರಸ್ಕಾರ ಯಾರಿಂದಲೋ ಕೇಳಿ ಬಂದದ್ದಲ್ಲ, ತಿಂದು ಬಂದದ್ದು.

ಮೊದಲ ತಿಂಗಳು ಡಬ್ಬಿಯ ಮೇಲಿನ ಚಿತ್ರ ನೋಡಿ ಆರಿಸುತ್ತಿದ್ದೆ. ಚಿತ್ರದಲ್ಲಿ ತಾಮ್ರದ ಬಟ್ಟಲು, ಮೇಲೆ ಕೊತ್ತಂಬರಿ, ಪಕ್ಕದಲ್ಲಿ ಕಾರಣವಿಲ್ಲದೆ ಬಿದ್ದ ನಿಂಬೆಹೋಳು. ಒಳಗೆ ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಅಂಟಿನಂಥ ಕೆಂಪು ದ್ರವ, ಅದರಲ್ಲಿ ಎಣಿಸಿ ನಾಲ್ಕು ಪನೀರ್ ತುಂಡು. ಪನೀರ್ ಬಟರ್ ಮಸಾಲಾ, ಶಾಹಿ ಪನೀರ್, ಕಡಾಯಿ ಪನೀರ್ ಎಂದು ಹೆಸರು ಮೂರು. ಒಂದೇ ಡ್ರಮ್ಮಿಗೆ ಮೂರು ನಲ್ಲಿ, ಅಷ್ಟೆ. ಎರಡನೇ ತಿಂಗಳು ಬುದ್ಧಿ ಬಂದು ಡಬ್ಬಿಯ ಹಿಂದಿನ ಸಣ್ಣಕ್ಷರ ಓದತೊಡಗಿದೆ. ಅದು ಇನ್ನೂ ದೊಡ್ಡ ತಪ್ಪು. ‘ಅಜ್ಜಿಯ ಕೈರುಚಿ’ ಎಂದು ಮುಂದೆ ಬರೆದುಕೊಂಡಿದ್ದ ಬಿಸಿಬೇಳೆಬಾತಿನ ಹಿಂದೆ ಒಂದಿಷ್ಟು ಪದಾರ್ಥಗಳಿಗೆ ಹೆಸರೇ ಇರಲಿಲ್ಲ, ಬರೀ ನಂಬರು. ಯಾವ ಅಜ್ಜಿ ಒಲೆಯ ಮುಂದೆ ಕೂತು, ಆ ಮುನ್ನೂರ ಮೂವತ್ತು ಸ್ವಲ್ಪ ಇತ್ಲಾಗೆ ಕೊಡು ಮಗಾ ಎಂದಾಳು? ಮೂರನೇ ತಿಂಗಳಿಂದ ಚಿತ್ರವನ್ನೂ ನೋಡಲಿಲ್ಲ, ಅಕ್ಷರವನ್ನೂ ಓದಲಿಲ್ಲ. ಒಂದು ಕೊಂಡರೆ ಒಂದು ಉಚಿತ ಎಂದಿದ್ದನ್ನು ಎತ್ತಿಕೊಂಡು ಬರುತ್ತಿದ್ದೆ. ಶಿಕ್ಷೆಗೂ ಆಫರ್ ಕೊಡುತ್ತಾರೆಂದು ಗೊತ್ತಾದದ್ದು ಆಗಲೇ.

ಹಾಗಾದರೆ ಅಡುಗೆ ಕಲಿಯಬಾರದಿತ್ತೆ ಎಂದು ಕೇಳಬೇಡಿ. ನಮ್ಮೂರು ಗದಗಿನ ಕಡೆ. ಅಲ್ಲಿ ಒಮ್ಮೆ ನಾನು ಹಚ್ಚಿದ ಅವಲಕ್ಕಿಯನ್ನು ಮನೆಯ ಎಮ್ಮೆಗೆ ಹಾಕಿದಾಗ ಅದು ಮೂಸಿ ನೋಡಿ, ತಾನೇನು ತಪ್ಪು ಮಾಡಿದೆ ಎಂಬಂತೆ ಅವ್ವನ ಮುಖ ನೋಡಿತ್ತು.

ಇಷ್ಟಾದರೂ ಬಾಡಿಗೆ ಮನೆ ಸಿಕ್ಕಿದ್ದು ಅಡುಗೆಯ ಹೆಸರಲ್ಲೇ. ಬ್ಯಾಚುಲರ್ ಎಂದ ಕೂಡಲೇ ಬಿಟಿಎಂನಿಂದ ಬನಶಂಕರಿಯವರೆಗೆ ಒಂಬತ್ತು ಮನೆಯವರು ಗೇಟು ಹಾಕಿಕೊಂಡಿದ್ದರು. ಹತ್ತನೆಯದು ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿತ್ತು. ಹಿಂದೆ ಅಲ್ಲಿ ಸೊಪ್ಪು ಬೆಳೆಯುತ್ತಿದ್ದ ಕುಟುಂಬ ಈಗ ಅದೇ ಜಾಗದಲ್ಲಿ ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆದಾರರನ್ನು ಬೆಳೆಯುತ್ತದೆ. ಮೂರನೇ ಮಹಡಿಯಲ್ಲಿ ಓನರ್ ಆಂಟಿ ಮತ್ತು ಅಂಕಲ್, ಅವರ ತಲೆಯ ಮೇಲೆ ಖಾಲಿ ಮನೆ. ಮೊದಲಿದ್ದ ಹುಡುಗರು ದಿನಾ ಹೊರಗಿಂದ ತರಿಸಿ ತಿನ್ನುತ್ತಿದ್ದರಂತೆ, ಪಾರ್ಸಲ್ ತಂದವರು ಆಂಟಿಯ ಬೆಲ್ಲೇ ಒತ್ತುತ್ತಿದ್ದರಂತೆ, ತಿಂಗಳೊಳಗೆ ಅವರನ್ನು ಖಾಲಿ ಮಾಡಿಸಿದರಂತೆ.

“ಒಲೆ ಹಚ್ಚದಿರೋರ್ಗೆ ನಾನು ಮನೆ ಕೊಡಲ್ಲಪ್ಪ, ಮನೆಗೆ ಆಗಿಬರಲ್ಲ. ನೀನು ಅಡುಗೆ ಮಾಡ್ಕೋತೀಯಾ?”

“ದಿನಾ ಮಾಡ್ಕೋತೀನ್ರೀ ಆಂಟಿ. ನನ್ನ ಕೈಯಾಗಿನ ಸಾರು ಉಂಡವ್ರು ಬಟ್ಟಲಾ ನೆಕ್ತಾರ್ರೀ.”

ಈ ಎರಡನೇ ವಾಕ್ಯ ಬೇಕೆಂದು ಅವರು ಕೇಳಿರಲಿಲ್ಲ. ನನ್ನ ಬದುಕಿನ ಹೆಚ್ಚಿನ ಅನಾಹುತಗಳೆಲ್ಲ ಯಾರೂ ಕೇಳದ ಎರಡನೇ ವಾಕ್ಯದಿಂದಲೇ ಆಗಿವೆ.

ನಾಲ್ಕನೇ ದಿನ ಆಂಟಿ ಮೆಟ್ಟಿಲ ಮೇಲೆ ಸಿಕ್ಕಿ, ಮೇಲಿಂದ ಕುಕ್ಕರ್ ಕೂಗಿದ್ದೇ ಕೇಳಿಸಲಿಲ್ಲವಲ್ಲ ಎಂದರು. ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳೆಯನಿಗೆ ಹೇಳಿದರೆ ಅವನು ಕಂಪ್ಯೂಟರಿನಿಂದ ಕಣ್ಣು ಕೀಳದೆಯೇ ಪರಿಹಾರ ಕೊಟ್ಟ.

“ಬರೀ ನೀರು ಹಾಕಿ ಕೂಗ್ಸು ಮಗಾ. ಕುಕ್ಕರ್ ಒಳಗೆ ಏನಿದೆ ಅಂತ ಸಿಬಿಐ ಬರತ್ತಾ?”

ಅಂದಿನಿಂದ ದಿನಾ ಸಂಜೆ ನೀರಿಗೆ ಮೂರು ವಿಷಲ್. ವಾಸನೆಗೆಂದು ಎಣ್ಣೆ, ಸಾಸಿವೆ, ಕರಿಬೇವು, ಇಂಗು ಹಾಕಿ ಒಂದು ಒಗ್ಗರಣೆ. ಕಿಟಕಿ ತೆರೆದು ಆ ವಾಸನೆಯನ್ನು ಕೆಳಗೆ ಕಳಿಸಿ, ಒಗ್ಗರಣೆಯನ್ನು ಸಿಂಕಿಗೆ ಸುರಿದು, ನಾನು ಡಬ್ಬಿ ಬಿಸಿ ಮಾಡಿಕೊಂಡು ತಿನ್ನುತ್ತಿದ್ದೆ. ಆ ಮನೆಯಲ್ಲಿ ನನಗಿಂತ ಒಳ್ಳೆಯ ಊಟ ಮಾಡಿದ್ದು ಸಿಂಕು. ಒಂದು ಸಂಜೆ ನಾನು ಫೋನಿನಲ್ಲಿ ಮೈಮರೆತಿದ್ದಾಗ ಕುಕ್ಕರ್ ಹನ್ನೆರಡು ಸಲ ಕೂಗಿತು. ಏನಿಟ್ಟಿದ್ದೆಯಪ್ಪ ಎಂದು ಆಂಟಿ ಮರುದಿನ ವಿಚಾರಿಸಿದರು. ರಾಜ್ಮಾ ಎಂದೆ. ನೆನೆಸದೆ ಇಟ್ಟಿರಬೇಕು ಎಂದು ಅವರೇ ಕಾರಣ ಹುಡುಕಿಕೊಟ್ಟು, ಕಾಳು ನೆನೆಸುವ ವಿಧಾನವನ್ನು ಹತ್ತು ನಿಮಿಷ ವಿವರಿಸಿದರು. ನಾನು ತಲೆಯಾಡಿಸಿದೆ. ಹೆಗಲ ಮೇಲಿನ ಬ್ಯಾಗಿನಲ್ಲಿ ಎರಡು ಡಬ್ಬಿ ದಾಲ್ ಮಖನಿ ಇತ್ತು.

ಹೀಗೆ ಹತ್ತು ತಿಂಗಳು ಕಳೆದವು. ಹನ್ನೊಂದನೆಯದು ಮುಗಿಯುತ್ತಿದ್ದಂತೆ ಅಗ್ರಿಮೆಂಟೂ ಮುಗಿಯುವುದರಲ್ಲಿತ್ತು. ಇನ್ನೊಂದು ಸಲ ಒಂಬತ್ತು ಗೇಟು ತಟ್ಟುವ ತಾಕತ್ತು ನನಗಿರಲಿಲ್ಲ. ಆಗ ಅವರೆಕಾಯಿ ಕಾಲ. ಒಂದು ಬೆಳಿಗ್ಗೆ ಆಂಟಿ ಸ್ಟೀಲ್ ಡಬ್ಬಿ ಹಿಡಿದು ಮೇಲೆ ಬಂದರು. ಒಳಗೆ ಹಿತಕಿದ ಬೇಳೆ. ನಮ್ಮ ಕಡೆ ಇದರ ಸಂಭ್ರಮ ಇಲ್ಲ. ಕಾಳನ್ನು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಒತ್ತಿ, ಸಿಪ್ಪೆಯಿಂದ ಬೇಳೆಯನ್ನು ಹಾರಿಸಬೇಕೆಂಬುದು ನನಗೆ ಗೊತ್ತೇ ಇರಲಿಲ್ಲ. ಬೇಳೆಯಲ್ಲಿ ಇದೂ ಒಂದು ಜಾತಿ ಎಂದುಕೊಂಡೆ.

“ದಿನಾ ನನ್ನ ಕೈ ಅಡುಗೆ ನಾನೇ ತಿಂದು ಸಾಕಾಗೋಗಿದೆ. ನಿಮ್ಮ ಕಡೆ ಥರ ಖಾರವಾಗಿ ಒಂದು ಸಾರು ಮಾಡ್ಕೊಂಡ್ ಬಾ. ಸಾಯಂಕಾಲ ಮುದ್ದೆಗೆ ಅದೇ. ಅಗ್ರಿಮೆಂಟೂ ತಗೊಂಡ್ ಬಾ, ಸೈನ್ ಹಾಕ್ಬಿಡೋಣ.”

ಡಬ್ಬಿಯನ್ನು ಫ್ರಿಜ್ಜಿಗೆ ತಳ್ಳಿ ಆಫೀಸಿಗೆ ಓಡಿದೆ. ಸಂಜೆ ಕಪಾಟಿನ ಮುಂದೆ ನಿಂತರೆ, ನನ್ನ ಪುಣ್ಯಕ್ಕೋ ಕರ್ಮಕ್ಕೋ, ಹಿತಕಿದ ಬೇಳೆ ಸಾರಿನ ಪ್ಯಾಕೆಟ್ಟು ನೇತಾಡುತ್ತಿತ್ತು. ಅದೂ ಎರಡು ಬಗೆ. ಎಷ್ಟೋ ತಿಂಗಳ ನಂತರ ನಾನು ಮತ್ತೆ ಶ್ರದ್ಧೆಯಿಂದ ಆರಿಸಿದೆ, ಹೆಣ್ಣು ನೋಡಲು ಬಂದವನ ಹಾಗೆ ಎರಡನ್ನೂ ತಿರುತಿರುಗಿಸಿದೆ. ಒಂದರ ಚಿತ್ರದಲ್ಲಿ ಸಾರು ತೆಳ್ಳಗೆ ಕಂಡಿತು. ಇನ್ನೊಂದರ ಮೇಲೆ ‘ಮನೆಯ ರುಚಿ’ ಎಂದಿತ್ತು. ಸುಳ್ಳನ್ನೇ ಕೊಳ್ಳುವುದಾದರೆ ದೊಡ್ಡಕ್ಷರದ ಸುಳ್ಳೇ ಇರಲಿ ಎಂದು ಅದರಲ್ಲಿ ಮೂರು ತಂದೆ. ನಮ್ಮ ಕಡೆಯದು ಎನ್ನಿಸಲು ಎರಡು ಚಮಚ ಖಾರದಪುಡಿ ಸೇರಿಸಿ ಕುದಿಸಿ, ಅಗ್ರಿಮೆಂಟನ್ನು ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದೆ.

ಆಂಟಿ ಮುದ್ದೆ ಹಾಕಿ ಸಾರು ಬಡಿಸಿದರು. ಅಂಕಲ್ ಎರಡು ತುತ್ತು ನುಂಗಿದರು. ಆಂಟಿ ಮಾತ್ರ ತಟ್ಟೆಯಿಂದ ಒಂದು ಕಾಳು ಎತ್ತಿ ಟ್ಯೂಬ್ ಲೈಟಿಗೆ ಹಿಡಿದರು. ಅದರ ಬೆನ್ನಿಗೆ ಅರ್ಧ ಸಿಪ್ಪೆ ಅಂಟಿಕೊಂಡಿತ್ತು. ಇನ್ನೊಂದು ಎತ್ತಿದರು. ಅದಕ್ಕೆ ಪೂರ್ತಿ ಸಿಪ್ಪೆ.

“ಇದು ನಾನು ಹಿತಕಿದ್ದಲ್ಲ.”

ನಿಮ್ಮದೇ ಎಂದೆ.

“ನಾನು ಹಿತಕಿದ ಕಾಳಲ್ಲಿ ಸಿಪ್ಪೆ ಇರಲ್ಲ ಕಣಪ್ಪಾ. ಮದ್ವೆ ಆಗ್ ಬಂದಾಗಿಂದ ಇಲ್ಲ. ನನ್ನ ಕಾಳೆಲ್ಲಿ?”

ಉತ್ತರಕ್ಕೆ ಕಾಯದೆ ಅವರು ಮೆಟ್ಟಿಲು ಹತ್ತಿದರು. ಹಿಂದೆ ಅಗ್ರಿಮೆಂಟು ಹಿಡಿದು ನಾನು, ಬಲಿಗೆ ತಾನೇ ನಡೆದು ಹೋಗುವ ಕುರಿಯಂತೆ. ಫ್ರಿಜ್ಜು ತೆರೆದರೆ ಅವರ ಸ್ಟೀಲ್ ಡಬ್ಬಿ ಮುಚ್ಚಳವೂ ತೆಗೆಯದೆ ಕೂತಿತ್ತು. ಸುತ್ತಲೂ ನನ್ನ ಡಬ್ಬಿಗಳು. ಒಂದನ್ನು ಸತ್ತ ಜಿರಲೆಯಂತೆ ಎರಡು ಬೆರಳಲ್ಲಿ ಎತ್ತಿ, ಇದನ್ನಾ ತಿನ್ನೋದು ಎಂದು ಕೇಳಿದರು. ಹೌದೆಂದೆ. ಮತ್ತೆ ದಿನಾ ಕುಕ್ಕರಿನಲ್ಲಿ ಕೂಗುತ್ತಿದ್ದದ್ದು? ನೀರು ಎಂದೆ. ಆಂಟಿ ಕುರ್ಚಿ ಎಳೆದು ಕೂತರು.

“ಹನ್ನೊಂದು ತಿಂಗ್ಳು ನೀರು ಬೇಯ್ಸಿದ್ಯಾ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೊಂದು ಮರ್ಯಾದೆ ಇರುತ್ತಿತ್ತು. ತಮ್ಮ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಈಗ ಇದನ್ನು ನನ್ನೆದುರಿಗೆ ಮಾಡು, ಆಮೇಲೆ ಮನೆಯ ಮಾತು ಎಂದರು.

ನಾನು ಒಗ್ಗರಣೆ ಹಾಕಿದೆ. ಸಿಂಕಿಗೆಂದು ಹನ್ನೊಂದು ತಿಂಗಳು ಮಾಡಿದ ಅಭ್ಯಾಸ, ಹದವಾಗಿ ಬಂತು. ಆಂಟಿಯ ಹುಬ್ಬು ಕೊಂಚ ಮೇಲೇರಿತು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಬೇಳೆಗೆ ಎಷ್ಟು ನೀರೆಂದು ತಿಳಿಯದೆ ತಂಬಿಗೆಯನ್ನೇ ಬಗ್ಗಿಸಿದೆ. ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕಿದೆ, ಅದನ್ನು ಸರಿಮಾಡಲು ಹುಣಸೆಹಣ್ಣು ಹಿಂಡಿದೆ, ಹುಳಿಯನ್ನು ಓಡಿಸಲು ಬೆಲ್ಲ ಹುಡುಕಿದೆ, ಸಿಗದೆ ಕಾಫಿಯ ಸಕ್ಕರೆ ಸುರಿದೆ. ಎರಡು ವಿಷಲಿಗೇ ಸಾಕು ಎಂದು ಆಂಟಿ ಹೇಳಿದ್ದು ಕೇಳಿಸಿತ್ತು. ಇನ್ನಷ್ಟು ಬೆಂದರೆ ತಪ್ಪುಗಳೂ ಬೇಯುತ್ತವೇನೋ ಎಂದು ಎಂಟಕ್ಕೆ ಬಿಟ್ಟೆ. ಮುಚ್ಚಳ ತೆಗೆದಾಗ ಬೇಳೆ ಕಾಣಲಿಲ್ಲ. ಬೂದು ಬಣ್ಣದ ಗಂಜಿಯೊಂದು ಇಬ್ಬರನ್ನೂ ದಿಟ್ಟಿಸುತ್ತಿತ್ತು.

ಆಂಟಿ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದರು. ಎದ್ದು ಹೋಗಿ ಬಾಯಿ ಮುಕ್ಕಳಿಸಿದರು. ತಾವು ಎರಡು ದಿನ ಕೂತು ಹಿತಕಿದ ಕಾಳಿನ ಕಡೆ ಮತ್ತೆ ನೋಡಲಿಲ್ಲ.

“ಆ ಪ್ಯಾಕೆಟ್ಟಿಗಿಂತ ಕೆಟ್ಟದಾಗೇತೇನ್ರೀ ಆಂಟಿ?”

“ಅದನ್ನ ನಮ್ಮನೆಯೋರು ಎರಡು ತುತ್ತಾದ್ರೂ ನುಂಗಿದ್ರಲ್ಲಪ್ಪ.”

ಯಾವುದನ್ನು ನಾನು ಹನ್ನೊಂದು ತಿಂಗಳು ಬೈದುಕೊಂಡು ತಿಂದಿದ್ದೆನೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನನ್ನ ಜಾಗವೆಂದು ಗೊತ್ತಾಯಿತು. ಮನೆ ಖಾಲಿ ಮಾಡಲು ಎಷ್ಟು ದಿನ ಕೊಡುತ್ತಾರೋ ಎಂದು ಲೆಕ್ಕ ಹಾಕುತ್ತಿದ್ದೆ. ಆಂಟಿ ನನ್ನ ಜೇಬಿನ ಪೆನ್ನು ಕೇಳಿ ತೆಗೆದುಕೊಂಡರು.

“ಇರು. ಆದ್ರೆ ಇನ್ಮೇಲೆ ಒಲೆ ಹಚ್ಚಬೇಡ. ನಿನ್ನ ಆ ಡಬ್ಬಿಗಳ್ನೇ ತಿನ್ಕೋ.”

ಸೈನ್ ಹಾಕುವ ಮೊದಲು ಕೊನೆಯ ಹಾಳೆಯ ಖಾಲಿ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ತಾವೇ ಒಂದು ಸಾಲು ಸೇರಿಸಿದರು: ಬಾಡಿಗೆದಾರರು ಅವರೆಕಾಳನ್ನು ಮುಟ್ಟತಕ್ಕದ್ದಲ್ಲ. ನಾನು ಅದರ ಕೆಳಗೆ, ತಕರಾರಿಲ್ಲದೆ, ಪೂರ್ತಿ ಹೆಸರು ಬರೆದು ಸೈನ್ ಹಾಕಿದೆ.