ಮೊದಲ ಗರಿ

ಪೆನ್ಶನ್ ಆದಮೇಲೆ ಏನು ಮಾಡಬೇಕು ಎಂಬುದನ್ನು ನಾನು ಹದಿನಾಲ್ಕು ವರ್ಷ ಮೊದಲೇ ಗೊತ್ತು ಮಾಡಿಕೊಂಡಿದ್ದೆ. ನನ್ನ ಜೊತೆಯ ಕಾರಕೂನರು ಪೆನ್ಶನ್ ಆದ ವರ್ಷವೇ ಮುದುಕರಾಗುವುದನ್ನು ಕಣ್ಣಾರೆ ಕಂಡಿದ್ದೆ. ಹುನಗುಂದದ ಕಚೇರಿಯಿಂದ ಬಿಡುಗಡೆಯಾದ ಒಬ್ಬರಂತೂ ದಿನಾ ಹತ್ತು ಗಂಟೆಗೆ ತಲೆಗೆ ಪಟಕಾ ಸುತ್ತಿಕೊಂಡು ಬರುವರು, ತಮ್ಮ ಹಳೆಯ ಜಾಗದ ಹತ್ತಿರ ಸ್ವಲ್ಪ ಹೊತ್ತು ನಿಲ್ಲುವರು, ಯಾರೂ ತಲೆ ಎತ್ತದಿದ್ದರೆ ಕೆಮ್ಮುವರು. ನನಗೆ ಅವರನ್ನು ಕಂಡರೆ ಮರುಕಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಮುಂದಿನದನ್ನು ನೋಡಿಕೊಳ್ಳದವನು ಕೆಮ್ಮುತ್ತ ನಿಲ್ಲಬೇಕಾದದ್ದೇ ಎನ್ನುತ್ತಿದ್ದೆ. ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಆಡಿದವನ ಮನೆಗೇ ತಿರುಗಿ ಬರುತ್ತದೆ.

ನನ್ನ ಅಜ್ಜ ಕಮತಗಿಯಲ್ಲಿ ಕಣ್ಣಿನ ವೈದ್ಯರು. ಹುನಗುಂದ, ಇಳಕಲ್ಲುಗಳಿಂದ ಜನ ಗಾಡಿ ಕಟ್ಟಿಕೊಂಡು ನಮ್ಮ ಮನೆಗೆ ಬರುತ್ತಿದ್ದರಂತೆ. ಅಪ್ಪ ಆ ದಾರಿ ಹಿಡಿಯಲಿಲ್ಲ, ನಾನು ಹೊಟ್ಟೆಯ ಪಾಡಿಗೆ ಸರಕಾರಿ ಕಾರಕೂನನಾದೆ. ಅಜ್ಜನ ವಿದ್ಯೆ ಎಲ್ಲ ಒಂದು ತಾಳೆಗರಿಯ ಕಟ್ಟಿನಲ್ಲಿತ್ತು. ಮೇಲೊಂದು ಕೆಳಗೊಂದು ಮರದ ಹಲಗೆ ಇಟ್ಟು, ದಾರ ಸುತ್ತಿ, ಕೆಂಪು ಬಟ್ಟೆ ಹೊದಿಸಿ, ದೇವರ ಮನೆಯ ಮಣ್ಣುಗೋಡೆಯ ಮಾಡದಲ್ಲಿ ಇಟ್ಟಿದ್ದರು. ಪೆನ್ಶನ್ ಆದ ಕೂಡಲೇ ಆ ಕಟ್ಟು ಬಿಚ್ಚಿ, ಅಜ್ಜನ ವೈದ್ಯವನ್ನು ಮತ್ತೆ ಶುರು ಮಾಡಬೇಕು ಎಂಬುದು ನನ್ನ ಹದಿನಾಲ್ಕು ವರ್ಷದ ಯೋಚನೆ.

ಬರೇ ಯೋಚನೆಯಲ್ಲ, ತಯಾರಿ. ಬಾದಾಮಿಯಲ್ಲಿ ಕೆಲಸ ಮಾಡುವಾಗ ಅಲ್ಲಿಯ ಕೆಂಪು ಕಲ್ಲಿನಲ್ಲಿ ಔಷಧ ಅರೆಯುವ ಕಲ್ಲೊಂದನ್ನು ಕಡೆಸಿ ತಂದೆ. ಬಾಗಲಕೋಟೆಗೆ ವರ್ಗವಾದಾಗ ಇಪ್ಪತ್ತು ಖಾನೆಯ ಒಂದು ಪೆಟ್ಟಿಗೆ ಮಾಡಿಸಿದೆ. ಮನೆಯ ಮುಂದೆ ಬಂದವರು ಕೂಡಲು ಕಟ್ಟೆ ಕಟ್ಟಿಸಿದೆ, ಹಿತ್ತಲಲ್ಲಿ ತುಳಸಿ, ಲೋಳೆಸರ, ನಂದಿಬಟ್ಟಲು ಹಚ್ಚಿಸಿದೆ. ಎಷ್ಟು ಗಂಟೆಗೆ ಏಳುವುದು, ಎಷ್ಟು ಗಂಟೆಗೆ ಜನರನ್ನು ನೋಡುವುದು ಎಂದು ಒಂದು ಕಾಗದವನ್ನೂ ಬರೆದು ಇಟ್ಟುಕೊಂಡಿದ್ದೆ. ಒಂದು ಕೆಲಸ ಮಾತ್ರ ಮಾಡಿರಲಿಲ್ಲ. ಪುಸ್ತಕ ಓದಿರಲಿಲ್ಲ.

ಅದಕ್ಕೆ ಕಾರಣವಿತ್ತು. ಮದ್ದು ಅರೆಯುವವನೇ ಕಟ್ಟು ಬಿಚ್ಚಬೇಕು, ಸುಮ್ಮನೆ ನೋಡಲು ಬಿಚ್ಚಿದರೆ ಮದ್ದಿನ ಗುಣ ಹೋಗುತ್ತದೆ ಎಂದು ಅಜ್ಜ ಹೇಳಿ ಹೋಗಿದ್ದರು. ವರ್ಷಕ್ಕೊಮ್ಮೆ ಮಹಾನವಮಿಗೆ ಪೂಜೆ ಮಾಡಿ, ಕಟ್ಟನ್ನು ಮಾಡದಿಂದ ಕದಲಿಸದೆ ದಾರ ಸಡಿಲು ಮಾಡಿ, ಮೇಲಿನ ಹಲಗೆ ಎತ್ತಿ, ಮೊದಲ ಗರಿಯೊಂದನ್ನು ಗಟ್ಟಿಯಾಗಿ ಓದಿ ಮತ್ತೆ ಕಟ್ಟಿಬಿಡುವುದು ನಮ್ಮ ಮನೆಯ ಪದ್ಧತಿ. ನಾನು ಎಲ್ಲಿ ಕೆಲಸದಲ್ಲಿದ್ದರೂ ಆ ದಿನ ಊರಿಗೆ ಬಂದು ಅರಿಷಿಣ ಕುಂಕುಮ ಏರಿಸಿ, ಹಾಲು ಚಿಮುಕಿಸಿ, ಬೆಲ್ಲದ ನೈವೇದ್ಯ ಇಟ್ಟು ಓದುತ್ತಿದ್ದೆ. ಒಂದು ವರ್ಷವೂ ತಪ್ಪಿಸಿದವನಲ್ಲ.

"ವರ್ಷಾ ಮೊದಲನೇ ಎಲಿನ ಓದ್ತೀರಲ್ರಿ, ಒಳಗೇನದ ಅಂತ ಒಮ್ಮೆರ ನೋಡಬಾರದ?" ಎಂದು ನನ್ನ ಹೆಂಡತಿ ಕೇಳಿದ್ದಳು.

"ಕಟ್ಟಿಟ್ಟದ್ದು ಎಲ್ಲಿ ಹೋಗ್ತದ?" ಎಂದಿದ್ದೆ. ಮೂವತ್ತು ವರ್ಷ ದಫ್ತರ ಕಟ್ಟಿದ ಕೈ ನನ್ನದು. ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಕಪಾಟಿನಲ್ಲಿ ಇಟ್ಟದ್ದು ಭದ್ರ ಎಂಬುದು ಕಚೇರಿಯ ಜನರ ರಕ್ತದಲ್ಲೇ ಕೂತ ನಂಬಿಕೆ.

ನನ್ನ ಪೆನ್ಶನ್ನಿಗಾಗಿ ನನಗಿಂತ ಹೆಚ್ಚು ಕಾದವನು ಇನ್ನೊಬ್ಬನಿದ್ದ. ಇಳಕಲ್ಲಿನ ಒಬ್ಬ ಮುಸಲ್ಮಾನ ನೇಕಾರ, ನನ್ನ ಓರಗೆಯವನು. ನಾನು ಹುನಗುಂದದಲ್ಲಿದ್ದಾಗ ಪರಿಚಯವಾದವನು, ಆಮೇಲೆ ಮನೆಯವನೇ ಆದ. ಸೀರೆಗಳನ್ನು ಬಾಗಲಕೋಟೆಯ ಪೇಟೆಗೆ ಒಯ್ಯುವಾಗ ಕಮತಗಿಯಲ್ಲಿ ನಮ್ಮ ಮನೆಯ ಮುಂದೆಯೇ ಗಾಡಿ ನಿಲ್ಲಿಸುತ್ತಿದ್ದ. ಅವನ ತಂದೆಯ ಕಣ್ಣನ್ನು ನಮ್ಮ ಅಜ್ಜ ನೆಟ್ಟಗೆ ಮಾಡಿದ್ದರಂತೆ. ಅದನ್ನು ಅವನು ಬಂದಾಗೊಮ್ಮೆ ಹೇಳುತ್ತಿದ್ದ, ನಾನು ಕೇಳಿದಾಗೊಮ್ಮೆ ಉಬ್ಬುತ್ತಿದ್ದೆ.

ಇಳಕಲ್ಲ ಸೀರೆಯ ಮೈಗೆ ಉದ್ದೆಳೆಯ ಬೇರೆ ಹಾಸು, ಸೆರಗಿನ ರೇಷ್ಮೆಗೆ ಬೇರೆ ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಬೇಕು. ಒಂದು ಕೊಂಡಿ ತಪ್ಪಿದರೂ ಸೆರಗು ಹುಳುಕಾಗುತ್ತದೆ. ಆ ಕೊಂಡಿ ಹಾಕುವುದರಲ್ಲಿ ಅವನನ್ನು ಮೀರಿಸುವವರು ಅವನ ಓಣಿಯಲ್ಲಿ ಇರಲಿಲ್ಲ. ಸೊಂಟ ಬಿದ್ದು ಮಗ್ಗದ ಕುಣಿಗೆ ಇಳಿಯಲಾಗದಿದ್ದರೂ ಕೊಂಡಿ ಹಾಕಿಕೊಂಡು ಸಾಯೋತನಕ ದುಡಿಯಬಹುದು ಎಂಬುದು ಅವನ ಮುಪ್ಪಿನ ಯೋಚನೆ. "ನಿಮಗ ಸರಕಾರ ಪೆನ್ಶನ್ ಕೊಡ್ತದ ರಾಯರ, ನೇಕಾರಗ ಅವನ ಕಣ್ಣ ಪೆನ್ಶನ್" ಎನ್ನುತ್ತಿದ್ದ.

ನಾನು ಪೆನ್ಶನ್ ಆಗುವ ಎರಡೂವರೆ ವರ್ಷ ಮೊದಲು ಆ ಕಣ್ಣಿಗೆ ಏನೋ ಆಗತೊಡಗಿತು.

"ದೀಪಾ ಹಚ್ಚಿದ್ರ ಅದರ ಸುತ್ತ ಬಣ್ಣಬಣ್ಣದ ಬಳಿ ಕಾಣ್ತಾವ್ರಿ. ಯಾರೋ ದೀಪಕ್ಕ ಬಳಿ ತೊಡಸ್ಯಾರ ನೋಡ್ರಿ" ಎಂದು ನಕ್ಕ. ಆಮೇಲೆ ತಲೆ ಸಿಡಿಯುವುದು ಶುರುವಾಯಿತು. ಆಮೇಲೆ ಬದಿಗೆ ಬಂದು ನಿಂತವರು ಕಾಣದಾದರು.

"ಬಾಗಲಕೋಟಿ ದವಾಖಾನಿಗೆ ತೋರಸ್ಲೇನ್ರಿ?" ಎಂದು ನನ್ನನ್ನೇ ಕೇಳಿದ.

"ಬ್ಯಾಡ್ರಿ ಸಾಹೇಬ್ರ, ಅವರು ಕಣ್ಣಿಗೆ ಕತ್ತಿ ಹಚ್ಚತಾರ. ನಮ್ಮಜ್ಜನ ಔಷಧ ಇರೂವಾಗ ಕತ್ತಿ ಯಾಕ? ಇನ್ನೊಂದು ಸ್ವಲ್ಪ ದಿನ ತಡೀರಿ, ನಾ ಬಂದ ಬಿಡ್ತೇನಿ" ಎಂದೆ. ಈ ಮಾತನ್ನು ನಾನು ಆಡಿದೆ. ಬೇರೆ ಯಾರೂ ಆಡಲಿಲ್ಲ.

ಅವನು ತಡೆದ. ಪ್ರತಿ ದಸರೆಗೆ ಬನ್ನಿ ಕೊಡಲು ಬಂದಾಗ "ಬಂಗಾರದಂಗ ಇರೋಣ್ರಿ" ಎಂದು ಕೈ ಹಿಡಿದು, "ಇನ್ನೆಷ್ಟು ದಿನಾ?" ಎಂದು ಕೇಳುತ್ತಿದ್ದ.

ಕಡೆಗೂ ಪೆನ್ಶನ್ ಆಯಿತು. ಕಮತಗಿಗೆ ಬಂದು, ಒಳ್ಳೆಯ ದಿನ ನೋಡಿ, ತಲೆಯ ಮೇಲೆ ನೀರು ಹಾಕಿಕೊಂಡು, ಮಡಿ ಉಟ್ಟು ಮಾಡದ ಮುಂದೆ ಕೂತೆ. ಎರಡೂ ಕೈಯಿಂದ ಕಟ್ಟನ್ನು ಎತ್ತಿದೆ. ಅಷ್ಟು ಹಗುರ ಇರಬಾರದಾಗಿತ್ತು. ಕೆಳಗಿನ ಹಲಗೆ ಮಾಡದ ಮಣ್ಣಿಗೆ ಅಂಟಿ ಅಲ್ಲಿಯೇ ಉಳಿಯಿತು. ಬಟ್ಟೆಯ ಒಳಗಿಂದ ಹುಡಿಮಣ್ಣು ನನ್ನ ತೊಡೆಯ ಮೇಲೆ ಸುರಿಯಿತು.

ಗೆದ್ದಲು ಗೋಡೆಯ ಒಳಗಿಂದಲೇ ಬಂದು ಕೆಳಗಿನಿಂದ ಮೇಲಕ್ಕೆ ತಿಂದಿತ್ತು. ಮೇಲಿನ ಹಲಗೆ ನೆಟ್ಟಗಿತ್ತು, ಅದರ ಕೆಳಗೆ ಮೊದಲ ಗರಿ ನೆಟ್ಟಗಿತ್ತು, ಅದರ ಕೆಳಗೆ ಮಣ್ಣಿತ್ತು. ವರ್ಷಾ ವರ್ಷಾ ನಾನು ಚಿಮುಕಿಸಿದ ಹಾಲು, ನಾನು ಇಟ್ಟ ಬೆಲ್ಲ ಯಾವ ದೇವರಿಗೆ ಮುಟ್ಟಿತು ಎಂಬುದು ಆಗ ತಿಳಿಯಿತು. ಪುಸ್ತಕಕ್ಕೆ ಪೂಜೆ ಮಾಡಿ ಮಾಡಿ ನಾನೇ ಅದನ್ನು ಕೊಂದಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ಕಸಬರಿಗೆ ತಂದಿಟ್ಟಳು. ಏನಾದರೂ ಅಂದಿದ್ದರೆ ಒಳ್ಳೆಯದಿತ್ತು, ನಾನು ಅವಳ ಮೇಲೆ ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದೆ.

ಎಂಟು ದಿನಕ್ಕೆ ನೇಕಾರ ಬಂದ. ಕಟ್ಟೆಯ ಮೇಲೆ ಕೂತು, "ಬಿಚ್ಚಿದಿರೇನ್ರಿ?" ಎಂದ.

ಆಗ ಹೇಳಬೇಕಿತ್ತು. ಪುಸ್ತಕ ಹೋಯಿತು, ನೀವು ದವಾಖಾನೆಗೆ ಹೋಗಿರಿ ಎಂದು ಎರಡು ಮಾತು. ಹದಿನಾಲ್ಕು ವರ್ಷ ಎಲ್ಲರ ಮುಂದೆ ಕೊಚ್ಚಿಕೊಂಡ ನಾಲಿಗೆ ತಿರುಗಲಿಲ್ಲ. "ಬಿಚ್ಚೇನ್ರಿ. ಔಷಧ ಸಿಕ್ಕದ. ಒಂದು ಬೇರು ಬೇಕಾಗ್ಯದ, ಬಾದಾಮಿ ಗುಡ್ಡದಾಗ ಮಳಿ ಆದಮ್ಯಾಲ ಸಿಗ್ತದಂತ" ಎಂದೆ. ಎಲ್ಲಿಂದ ಬಂತೋ ಆ ಸುಳ್ಳು. ಮಳೆಗೆ ಇನ್ನೂ ಎರಡು ಮೂರು ತಿಂಗಳಿತ್ತು, ಅಷ್ಟರಲ್ಲಿ ಏನಾದರೂ ದಾರಿ ಸಿಕ್ಕೀತು ಎಂದುಕೊಂಡೆ.

ದಾರಿ ಹುಡುಕಿದೆ, ಇಲ್ಲವೆನ್ನಲಾರೆ. ಬೇವೂರಿನಲ್ಲಿ ಅಜ್ಜನ ಶಿಷ್ಯರೊಬ್ಬರ ಮಗ ಇದ್ದಾನೆಂದು ಕೇಳಿ ಅಲ್ಲಿಗೆ ಹೋದೆ. ಅವನೂ ನನ್ನಷ್ಟೇ ಮುದುಕ. "ನಮ್ಮಪ್ಪಗ ನಿಮ್ಮ ಅಜ್ಜಾರು ಹೊಟ್ಟಿನೋವು, ಹಳದಿ ಕಾಮಣಿ ಇಂಥಾವು ನಾಕು ಹೇಳಿಕೊಟ್ಟಿದ್ರು. ಕಣ್ಣಿಂದು ಮಾತ್ರ ಕೊಡಲಿಲ್ರಿ. ಅದು ತಮ್ಮ ಮನಿತನದಾಗ ಉಳೀಬೇಕು ಅಂದಿದ್ರಂತ" ಎಂದ. ನಾನು ಆ ಮನೆತನ. ಚಹಾ ಕುಡಿದು ಎದ್ದು ಬಂದೆ.

ಮಳೆ ಆಯಿತು. ಶ್ರಾವಣದಲ್ಲಿ ಒಂದು ದಿನ ಮಧ್ಯಾಹ್ನ ನೇಕಾರ ಗೋಡೆ ಹಿಡಿದುಕೊಂಡು ಬಂದ. ಹೆಗಲಿನಲ್ಲಿ ಒಂದು ಚೀಲ. ಬಾಗಲಕೋಟೆಗೆ ಸೀರೆ ಕೊಡಲು ಹೋದವನು ಅಲ್ಲಿಂದ ರೈಲು ಹತ್ತಿ ತಾನೇ ಬಾದಾಮಿಗೆ ಹೋಗಿದ್ದ. ಯಾರ ಯಾರನ್ನೋ ಕೇಳಿ ಗುಡ್ಡ ಹತ್ತಿ, ಕೈಗೆ ಸಿಕ್ಕ ಬೇರನ್ನೆಲ್ಲ ಅಗೆದು ತಂದಿದ್ದ. ಮೊಣಕಾಲು ತರಚಿತ್ತು. ಚೀಲವನ್ನು ನಮ್ಮ ಪಡಸಾಲೆಯಲ್ಲಿ ಸುರುವಿದ.

"ಹೆಸರು ಕೇಳೋದು ಮರತಿದ್ದೆ ರಾಯರ. ಅದಕ್ಕ ಎಲ್ಲಾ ತಂದೇನಿ. ಇದರಾಗ ಯಾವುದದ, ನೀವ ಆರಸ್ರಿ."

ನಾನು ಆರಿಸುವ ಹಾಗೆ ಮಾಡಿದೆ. ಒಂದೊಂದೇ ಬೇರು ಎತ್ತಿ, ಮೂಸಿ ನೋಡಿ, ಬದಿಗಿಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆಗೆಟ್ಟ ಕೆಲಸ ಇನ್ನೊಂದು ಮಾಡಿಲ್ಲ. ಅವನು ನನ್ನ ಮುಖದ ಕಡೆ ನೋಡುತ್ತಿದ್ದಾನೆಂದುಕೊಂಡಿದ್ದೆ, ಅವನು ನೋಡುತ್ತಿದ್ದುದು ನನ್ನ ಬದಿಯ ಕಂಬವನ್ನು.

"ಇದರಾಗಿಲ್ರಿ" ಎಂದೆ.

"ಇಲ್ಲೇನು? ಇರಲಿ ಬಿಡ್ರಿ, ಇನ್ನೊಮ್ಮೆ ಹೋದ್ರಾತು" ಎಂದು ಎದ್ದ. ನಮ್ಮ ಮನೆಗೆ ಇಪ್ಪತ್ತು ವರ್ಷದಿಂದ ಬರುತ್ತಿದ್ದವನು ಹೊಸ್ತಿಲಿಗೆ ಎಡವಿ ಬಿದ್ದ.

ಮರುದಿನ ಗಾಡಿ ಕಟ್ಟಿಸಿ ಅವನನ್ನು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರರು ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. ಬಹಳ ಹೊತ್ತು ನೋಡಿದರು. ನನ್ನನ್ನು ಹೊರಗೆ ಕರೆದು, "ಪೊರಿ ಆಗಿದ್ರ ತಗೀಬಹುದಿತ್ರಿ. ಇದು ಪೊರಿ ಅಲ್ಲ, ಒಳಗಿನ ನರಾನ ಸತ್ತಾವ. ಇಷ್ಟು ದಿನಾ ಏನ್ ಮಾಡ್ತಿದ್ರಿ? ಹೋದ ಚೈತ್ರಕ್ಕರ ತಂದಿದ್ರ ದೊಡ್ಡ ದವಾಖಾನಿಗೆ ಕಳಿಸ್ತಿದ್ದೆ, ಒಂದು ಕಣ್ಣರ ಉಳೀತಿತ್ತು" ಎಂದರು. ನಾನು ಕಟ್ಟು ಬಿಚ್ಚಿದ್ದು ಚೈತ್ರದಲ್ಲಿ.

ತಿರುಗಿ ಬರುವಾಗ ಗಾಡಿಯಲ್ಲಿ ಅವನೇ ಮಾತಾಡಿದ. "ಆ ಬೇರು ಸಿಕ್ಕಿದ್ರ ಆಗ್ತಿತ್ತೇನ್ರಿ?"

"ಆಗ್ತಿತ್ತು" ಎಂದೆ. ಅಲ್ಲಿಯೂ ಸುಳ್ಳು.

ಆಮೇಲೆ ನನ್ನ ಪೆನ್ಶನ್ನಿನ ದಿನಗಳು ಹೇಗೆ ಹೋಗುತ್ತಿವೆ ಎಂದರೆ, ಬರೆದಿಟ್ಟ ಕಾಗದದ ಪ್ರಕಾರವೇ ಹೋಗುತ್ತಿವೆ. ಬೆಳಗಿನ ಜಾವ ಏಳುತ್ತೇನೆ, ಹಿತ್ತಲಿನ ಗಿಡಕ್ಕೆ ನೀರು ಹಾಕುತ್ತೇನೆ, ಜನರನ್ನು ನೋಡುವ ಹೊತ್ತಿಗೆ ಕಟ್ಟೆಯ ಮೇಲೆ ಕೂಡುತ್ತೇನೆ. ಹೋಗುವವರನ್ನು 'ಎಲ್ಲಿಗೆ' ಎಂದು ಕೇಳುತ್ತೇನೆ. ಬಾದಾಮಿಯ ಕಲ್ಲಿನಲ್ಲಿ ಹೆಂಡತಿ ಕೆಂಪು ಖಾರ ಅರೆಯುತ್ತಾಳೆ, ಖಾರ ಚೆನ್ನಾಗಿ ನುಣ್ಣಗಾಗುತ್ತದೆ. ಪೆಟ್ಟಿಗೆಯ ಇಪ್ಪತ್ತು ಖಾನೆಯೂ ಖಾಲಿ.

ದಸರೆಗೆ ಅವನು ಬರಲಿಲ್ಲ. ಬನ್ನಿ ತೆಗೆದುಕೊಂಡು ನಾನೇ ಇಳಕಲ್ಲಿಗೆ ಹೋದೆ. ಅವನ ಮಗ್ಗದ ಮೇಲೆ ಬೇರೆ ಯಾರೋ ಕೂತಿದ್ದರು. ಅವನು ಮೂಲೆಯಲ್ಲಿ ರಾಟೆ ಇಟ್ಟುಕೊಂಡು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ. ಅದು ಅವರಲ್ಲಿ ಹೆಂಗಸರು ಮಾಡುವ ಕೆಲಸ. ನನ್ನ ಕೆಮ್ಮಿನಿಂದಲೇ ಗುರುತು ಹಿಡಿದು, "ಬರ್ರಿ ರಾಯರ, ಬರ್ರಿ. ಖಾಲಿ ಕೂಡಬಾರದು ನೋಡ್ರಿ, ಕೈಗೇನರ ಇರಬೇಕು" ಎಂದ.

ಬನ್ನಿ ಎಲೆಯನ್ನು ಅವನ ಅಂಗೈಯಲ್ಲಿಟ್ಟೆ. ಬಂಗಾರದಂಗ ಇರೋಣ ಎನ್ನುವ ಬದಲು ಎಲ್ಲ ಹೇಳಿದೆ. ಗೆದ್ದಲು, ಇಲ್ಲದ ಬೇರು, ಡಾಕ್ಟರರು ಅಂದದ್ದು, ಯಾವುದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದೆ. ಅವನು ರಾಟೆ ನಿಲ್ಲಿಸಲಿಲ್ಲ. ಎರಡು ಕಂಡಿಕೆ ತುಂಬಿದ ಮೇಲೆ ಕೇಳಿದ.

"ಒಂದು ಎಲಿ ಉಳದದ ಅಂದ್ರಲ್ಲ. ಅದರಾಗ ಏನದರಿ?"

"ಅದು ಬಾಯಿಪಾಠ ಅದ."

"ಓದ್ರಿ ಹಂಗಾರ. ಇಷ್ಟು ವರ್ಷ ಕಾದೇನಿ, ಕಿವಿಗರ ಬೀಳಲಿ."

ಓದಿದೆ. ಮಹಾನವಮಿಗೆ ಓದುವ ಹಾಗೆಯೇ, ಅದೇ ರಾಗದಲ್ಲಿ. ಗಣಪತಿಗೆ ಶರಣು, ಶಾರದೆಗೆ ಶರಣು, ಗುರುವಿಗೆ ಶರಣು. ಕತ್ತಲೆಯಲ್ಲಿ ಕುಳಿತವರ ಮೇಲೆ ಕರುಣೆಯಿಂದ ಈ ಗ್ರಂಥವಂ ಬರೆದೆನು. ಅಂಗಗಳೊಳಗೆ ಕಣ್ಣೇ ಮೊದಲಾದುದರಿಂದ ಮೊದಲು ಕಣ್ಣಿನ ಔಷಧವಂ ಪೇಳ್ವೆನು. ಅದೆಂತೆಂದೊಡೆ.

ಅಲ್ಲಿಗೆ ಗರಿ ಮುಗಿಯುತ್ತದೆ. ರಾಟೆ ನಿಂತಿತು. ಅವನು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ಮುಂದ?" ಎಂದ.

'ಅದೆಂತೆಂದೊಡೆ' ಎಂದು ಕಡೆಯ ಮಾತನ್ನೇ ಇನ್ನೊಮ್ಮೆ ಅಂದೆ. ಅವನು ನೂಲಿನ ತುದಿಯನ್ನು ಬೆರಳಿನಿಂದ ಹುಡುಕಿಕೊಂಡು ಮತ್ತೆ ರಾಟೆ ತಿರುಗಿಸತೊಡಗಿದ.