ದೂರ ಕೇಳಿದೆ, ದಿಕ್ಕು ಕೇಳಲಿಲ್ಲ

ಹೋದ ಸೋಮವಾರ, ಹರಿಹರಕ್ಕೆ ಹೋಗಬೇಕಾಗಿದ್ದ ಹುಡುಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಸೀದಾ ಆನಗೋಡಿಗೆ ಒಯ್ದೆ.

ದಾವಣಗೆರೆಯವರಿಗೆ ಇಷ್ಟು ಹೇಳಿದರೆ ಸಾಕು, ನಗು ಶುರು. ಹೊರಗಿನವರಿಗಾಗಿ ಹೇಳುತ್ತೇನೆ: ನಮ್ಮೂರಿನಿಂದ ಹರಿಹರ ಒಂದು ದಿಕ್ಕಿಗೆ, ಆನಗೋಡು ತದ್ವಿರುದ್ಧ ದಿಕ್ಕಿಗೆ. ದೂರ ಮಾತ್ರ ಹೆಚ್ಚುಕಮ್ಮಿ ಒಂದೇ.

ಪಕ್ಕದ ಮನೆ ಗಿರಿಜಮ್ಮನ ಮಗಳು ಸಹನಾ ಫಿಸಿಕ್ಸ್ ಎಂ.ಎಸ್ಸಿ. ಎರಡು ವರ್ಷದಿಂದ ಆನಗೋಡಿನ ಶಾಲೆಯೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಪಾಠ ಮಾಡುತ್ತಾಳೆ. ಕಾಲೇಜಿನ ಕೆಲಸಕ್ಕೆ ಎರಡು ಸಲ ಇಂಟರ್‌ವ್ಯೂಗೆ ಹೋಗಿ, ಎರಡೂ ಸಲ ಬರಿಗೈಲಿ ಬಂದಿದ್ದಳು. ಕಾರಣ? ಗಿರಿಜಮ್ಮನ ಪ್ರಕಾರ, ಹೊರಡುವಾಗ ಯಾರೋ 'ಎಲ್ಲಿಗೆ?' ಅಂತ ಕೇಳಿಬಿಟ್ಟಿದ್ದರು.

ಹೊರಟವರನ್ನು ನಾವು ಎಲ್ಲಿಗೆ ಅಂತ ಕೇಳುವ ಹಾಗಿಲ್ಲ. 'ಎಷ್ಟು ದೂರ ಹೊಂಟ್ರಿ?' ಅನ್ನಬೇಕು. ನನ್ನಜ್ಜಿ ಕಲಿಸಿದ್ದು ಇದನ್ನೇ. (ಎಲ್ಲಿಗೆ ಅಂದರೆ ಕೆಲಸ ಕೆಡುತ್ತದೆ, ದೂರ ಅಂದರೆ ಕೆಡುವುದಿಲ್ಲ. ಅದು ಹೇಗೆ ಅಂತ ಅಜ್ಜಿಯನ್ನು ಕೇಳುವ ಹಾಗೂ ಇರಲಿಲ್ಲ.)

ಸೋಮವಾರ ಮೂರನೇ ಇಂಟರ್‌ವ್ಯೂ. ಹತ್ತು ಗಂಟೆಗೆ ಹರಿಹರದ ಕಾಲೇಜೊಂದರಲ್ಲಿ ಡೆಮೊ ಕ್ಲಾಸ್. ಯಾರಿಗೂ ಬಾಯಿ ಬಿಡಬಾರದು ಅಂತ ಗಿರಿಜಮ್ಮ ಮಗಳಿಂದ ಆಣೆ ಮಾಡಿಸಿಕೊಂಡಿದ್ದರಂತೆ. ಹಾಗಾಗಿ ನನಗೆ ಇದೇನೂ ಗೊತ್ತಿಲ್ಲ. ರಾಹುಕಾಲ ಮುಗಿಯಲಿ ಅಂತ ಒಂಬತ್ತರವರೆಗೆ ಮಗಳನ್ನು ಹೊಸ್ತಿಲೊಳಗೇ ನಿಲ್ಲಿಸಿಕೊಂಡಿದ್ದರು, ಬಸ್ಸು ಹೋಯಿತು. ನಾನು ಕಾರು ಒರೆಸುತ್ತಿದ್ದೆ. ಬಾ, ಬಿಟ್ಟುಬರ್ತೀನಿ ಅಂದೆ. ಗಿರಿಜಮ್ಮ ಗೇಟಿನಲ್ಲೇ ನಿಂತಿದ್ದರು, ಕಣ್ಣು ನನ್ನ ಬಾಯಿಯ ಮೇಲೆ.

“ಎಷ್ಟು ದೂರ ಹೊಂಟಿಯವ್ವಾ?” ಅಂದೆ.

“ಹದಿನೈದು ಕಿಲೋಮೀಟರ್ ಆಗ್ತೈತೆ ಅಂಕಲ್,” ಅಂದಳು.

ಹದಿನೈದು ಅಂದರೆ ಆನಗೋಡು. ಇನ್ನೇನು ಕೇಳುವುದಿದೆ? ಹೈವೇ ಹತ್ತಿದೆ. ಅವಳು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ತನ್ನಷ್ಟಕ್ಕೆ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಬರೀ ಅಳತೆ ಇದ್ದರೆ ಸ್ಕೇಲಾರ್, ಅಳತೆಯ ಜೊತೆ ದಿಕ್ಕೂ ಇದ್ದರೆ ವೆಕ್ಟರ್. ಕಾಲು ಸವೆಸಿದ ದೂರ ಸ್ಕೇಲಾರ್. ಹೊರಟಲ್ಲಿಂದ ಮುಟ್ಟಿದಲ್ಲಿಗೆ ನೆಟ್ಟಗೆ ಎಷ್ಟು, ಯಾವ ಕಡೆಗೆ ಅನ್ನುವ ಸ್ಥಾನಪಲ್ಲಟ ವೆಕ್ಟರ್. ಎಷ್ಟು ಚೆನ್ನಾಗಿ ಹೇಳ್ತಾಳೆ ಅಂತ ತಲೆದೂಗುತ್ತಾ ಎಂಬತ್ತರಲ್ಲಿ ಓಡಿಸಿದೆ. ಇಪ್ಪತ್ತು ನಿಮಿಷಕ್ಕೆ ಶಾಲೆಯ ಗೇಟು.

ಅವಳು ಕಣ್ಣು ಬಿಟ್ಟಳು. ಗೇಟು ನೋಡಿದಳು. ನನ್ನನ್ನು ನೋಡಿದಳು.

“ಇಲ್ಲಿ ನಾನು ರಜಾ ಹಾಕೀನಿ ಅಂಕಲ್. ಇಂಟರ್‌ವ್ಯೂ ಇರೋದು ಹರಿಹರದಾಗ.”

ಒಂಬತ್ತೂ ಇಪ್ಪತ್ತೈದು. ಹರಿಹರ ಈಗ ಮೂವತ್ತು ಕಿಲೋಮೀಟರ್. ಕಾರು ತಿರುಗಿಸಿದೆ. ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು, ಅದೂ ಕಿಟಕಿಗೆ ಹೇಳಿದಂತೆ: ಈ ಸಲವೂ ತಪ್ಪಿದರೆ ಓಡಾಡಿದ್ದು ಸಾಕು ಅಂತ ಮನೆಯಲ್ಲಿ ಗಂಡು ಹುಡುಕುತ್ತಾರಂತೆ. ಎದುರಿನ ಲಾರಿಗೆ ಹಾರ್ನ್ ಹೊಡೆದು ಮುಂದೆ ನುಗ್ಗಿದೆ.

ಇದು ನನ್ನೊಬ್ಬನ ತಪ್ಪೇ? (ನನ್ನದೇ. ಆದರೆ ಅಂಕಣ ಅಂದಮೇಲೆ ಸಮಾಜವನ್ನೂ ಎಳೆಯಬೇಕಲ್ಲ.) ನಾವು ಕೇಳುವುದೆಲ್ಲ 'ಎಷ್ಟು' ಅಂತಲೇ. ಮಗನಿಗೆ ಪರ್ಸೆಂಟೇಜ್ ಎಷ್ಟು? ಅಳಿಯನಿಗೆ ಸಂಬಳ ಎಷ್ಟು? ಊರಿಗೆ ಎಷ್ಟು ಕಿಲೋಮೀಟರ್ ಹೊಸ ರಸ್ತೆ ಬಂತು ಅಂತ ಫ್ಲೆಕ್ಸ್ ಹಾಕುತ್ತಾರೆ. ಅದು ಯಾರ ಲೇಔಟಿನ ಕಡೆಗೆ ಹೋಯಿತು ಅನ್ನುವುದು ಫ್ಲೆಕ್ಸಿನಲ್ಲಿ ಇರುವುದಿಲ್ಲ.

ಹತ್ತು ನಿಮಿಷ ತಡವಾಯಿತು. ಯಾಕೆ ಅಂತ ಪ್ರಿನ್ಸಿಪಾಲರು ಎಲ್ಲರೆದುರೇ ಕೇಳಿದರಂತೆ. ಸಹನಾ ಸುಳ್ಳು ಹೇಳಲಿಲ್ಲ. ಬೋರ್ಡಿನ ಮೇಲೆ ಉದ್ದಕ್ಕೊಂದು ಗೆರೆ ಎಳೆದಳು. ನಡುವೆ ದಾವಣಗೆರೆ, ಆ ತುದಿಗೆ ಆನಗೋಡು, ಈ ತುದಿಗೆ ಹರಿಹರ. ನಮ್ಮ ಅಂಕಲ್ ಓಡಿಸಿದ ದೂರ ನಲವತ್ತೈದು ಕಿಲೋಮೀಟರ್, ಮನೆಯಿಂದ ನನ್ನ ಸ್ಥಾನಪಲ್ಲಟ ಮಾತ್ರ ಹದಿನೈದೇ, ಹರಿಹರದ ದಿಕ್ಕಿಗೆ ಅಂದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. (ಹೊರಗೆ ಕಾರಿನಲ್ಲಿ ಕೂತಿದ್ದ ನನಗೂ ಕೇಳಿಸಿತು. ಯಾರಿಗೆ ನಗುತ್ತಿದ್ದಾರೆ ಅಂತ ಮಾತ್ರ ಗೊತ್ತಿರಲಿಲ್ಲ.)

ಶುಕ್ರವಾರ ಆರ್ಡರ್ ಬಂತು. ಸಂಜೆ ಗಿರಿಜಮ್ಮ ಪೇಡೆ ಡಬ್ಬಿ ಹಿಡಿದು ಬಂದರು. ಕಣ್ಣು ತುಂಬಿತ್ತು.

“ಎಲ್ಲಾ ನಿಮ್ಮಿಂದಾನೇ ಅಣ್ಣಾರೆ. ನೀವೊಬ್ಬರು ಎಲ್ಲಿಗೆ ಅಂತ ಕೇಳಲಿಲ್ಲ ನೋಡ್ರಿ, ಅದಕ್ಕೇ ಕೆಲಸ ಆತು.”

ಈಗ ನೀವೇ ಹೇಳಿ, ಅವರಿಗೆ ಫಿಸಿಕ್ಸ್ ಹೇಳಲೋ, ಪೇಡೆ ತಿನ್ನಲೋ?